ಸ್ಟಾಪರ್‌ನ ತಾಯಿ

ನವೆಂಬರ್ 9, ಭಾನುವಾರ

ಮತ್ತೆ ಸೋತೆವು. ಲಷ್ಕರ್ ಲೇಡೀಸ್ ಮೂರು, ನಮ್ಮ ಮೂಸಿ ರೇಂಜರ್ಸ್ ಎರಡು. ಅವರು ದೂರದಿಂದ ಗುಂಡು ಹಾರಿಸಿದ ಹಾಗೆ ಹೊಡೆದು ಗೆದ್ದಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಎಲ್ಲ ಪುಟ್ಟ ಪುಟ್ಟ ಪಾಸು. ಇವಳು ಅವಳಿಗೆ ಕೊಟ್ಟಳು, ಅವಳು ಇವಳಿಗೇ ವಾಪಸ್ ಕೊಟ್ಟಳು, ಅಷ್ಟರಲ್ಲಿ ನಮ್ಮ ಡಿಫೆನ್ಸಿನ ನಟ್ಟನಡುವೆ ಬಾಗಿಲಷ್ಟು ಜಾಗ. ಒಳಗೆ ನುಗ್ಗಿದಳು, ಚೆಂಡು ತಳ್ಳಿದಳು, ಮುಗಿಯಿತು. ಮೂರು ಗೋಲೂ ಅದೇ ನಮೂನೆ.

ಆ ನಟ್ಟನಡುವೆ ನಿಲ್ಲುವವಳೇ ನನ್ನ ಮಗಳು ಹರ್ಷಿತಾ, ತಂಡದ ಸ್ಟಾಪರ್. ಹೆತ್ತವಳೆಂದು ಹೇಳುತ್ತಿಲ್ಲ, ಈ ಮಹಿಳಾ ಫುಟ್‌ಬಾಲ್ ಲೀಗಿನಲ್ಲಿ ಅವಳಂಥ ಸ್ಟಾಪರ್ ಇನ್ನೊಬ್ಬಳಿಲ್ಲ. ಸರಿ, ಹೆತ್ತವಳೆಂದೇ ಹೇಳುತ್ತಿದ್ದೇನೆ. ಇದು ನನ್ನ ಡೈರಿ, ಕೇಳುವವರು ಯಾರು?

ಮ್ಯಾಚ್ ಮುಗಿದ ಮೇಲೆ ನಮ್ಮ ಕನ್ನಡ ಕಟ್ಟೆಯಲ್ಲಿ ಜಗಳವೋ ಜಗಳ. ಕಟ್ಟೆ ಎಂದರೆ ಮೈದಾನದ ಅಂಚಿನ ಸಿಮೆಂಟ್ ಮೆಟ್ಟಿಲು, ಅಷ್ಟೇ. ಹೋದ ವರ್ಷ ಈ ತೆಲುಗು ಊರಿನಲ್ಲಿ ನಾನೊಬ್ಬಳೇ ಅಲ್ಲಿ ಕೂತು ಕನ್ನಡದಲ್ಲಿ ಕೂಗುತ್ತಿದ್ದೆ. ನನ್ನ ಕೂಗು ಕೇಳಿ ಪಕ್ಕದ ಅಪಾರ್ಟ್‌ಮೆಂಟ್ ಕೆಲಸದಿಂದ ಸುರಪುರದ ಗಾರೆ ಮೇಸ್ತ್ರಿ ಸೂಗಪ್ಪ ಬಂದರು. "ಯಾರ್ರಿ ಅದು, ನಮ್ಮ ಮಾತು ಆಡಾಕತ್ತೋರು?" ಎಂದು ಗೋಡೆ ಮೇಲಿನಿಂದ ಇಣುಕಿದವರು ಇಳಿದು ಬಂದು ಕೂತೇಬಿಟ್ಟರು. ಆಮೇಲೆ ಜನಾರ್ದನ, ಮೈಸೂರಿನ ಹುಡುಗ, ಕೊಂಡಾಪುರದಲ್ಲಿ ಸಾಫ್ಟ್‌ವೇರು. ಅವನೂ ನನ್ನ ದನಿಯ ಜಾಡು ಹಿಡಿದೇ ಬಂದವನು. ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ತುಂಬಿದ ಹಾಲಿಗೆ ಮೈಕಿಲ್ಲದೆ ಗಣಿತ ಹೇಳುವವಳು ನಾನು, ನನ್ನ ದನಿ ಎಲ್ಲಿಗೆ ಮುಟ್ಟುವುದಿಲ್ಲ?

ಕನ್ನಡವೇ ನಮ್ಮ ಗುಪ್ತಾಸ್ತ್ರ. ಕೋಚ್ ತೆಲುಗಿನಲ್ಲಿ ಏನಾದರೂ ಕೂಗಿದರೆ ಎದುರು ತಂಡಕ್ಕೂ ತಿಳಿಯುತ್ತದೆ. ನಾನು "ಹೋಗಿ ಹಿಡಿ!" ಎಂದರೆ ಮೈದಾನದಲ್ಲಿ ತಿಳಿಯುವುದು ಹರ್ಷಿತಾ ಒಬ್ಬಳಿಗೇ. ಈ ಉಪಾಯ ನನ್ನದು. ಯಾವ ತಂಡಕ್ಕಿದೆ ಇಂಥ ಸೌಲಭ್ಯ?

"ನಮ್ಮ ಹುಡುಗ್ಯಾರು ಭಾಳ ನಯ ಅದಾರ್ರಿ ಅಕ್ಕಾರ," ಎಂದರು ಸೂಗಪ್ಪ. "ಹೋಗಿ ಮೈಮ್ಯಾಲೆ ಬೀಳಬೇಕು. ಪುಸಕ್ ಪುಸಕ್ ಪಾಸ್ ಕೊಡೋರಿಗೆ ಅದಾ ಔಷಧ."

"ಮೈಮೇಲೆ ಬಿದ್ರೆ ಫೌಲು ಸೂಗಪ್ಪನವರೇ," ಎಂದ ಜನಾರ್ದನ. "ಮಿಡ್‌ಫೀಲ್ಡಿನವರು ಕೆಳಗೆ ಇಳೀತಿಲ್ಲ. ಅಲ್ಲೇ ಪ್ರಾಬ್ಲಂ ಇರೋದು."

ಇಬ್ಬರಿಗೂ ಕಣ್ಣಿಲ್ಲ. ತಪ್ಪು ಎಡಗಡೆಯ ಸ್ರವಂತಿಯದು. ಹರ್ಷಿತಾ ಚೆಂಡಿನ ಮೇಲೆ ಹೋದಾಗ ಆ ಹುಡುಗಿ ಬಂದು ಜಾಗ ತುಂಬಬೇಡವೇ? ನೆಟ್ಟ ಕಂಬದ ಹಾಗೆ ನಿಂತಲ್ಲೇ ನಿಲ್ಲುತ್ತಾಳೆ. ಹೇಳಿದೆ. ಒಪ್ಪಲಿಲ್ಲ. ಬಿಡುವವಳು ನಾನಲ್ಲ.

ನವೆಂಬರ್ 11, ಮಂಗಳವಾರ

ಬೆಂಚಂತೆ!

ಕೋಚ್ ಪದ್ಮಜಾ ನಮ್ಮ ಹರ್ಷಿತಾಳಿಗೆ ಹೇಳಿದ್ದಾರೆ, "ನೀನು ಡಿಫೆನ್ಸಿನ ಲೈನ್ ಬಿಟ್ಟು ಮುಂದೆ ಓಡುತ್ತೀಯ, ಗೋಲು ನೀನು ಬಿಟ್ಟ ಜಾಗದಿಂದಲೇ ಬರುತ್ತಿದೆ. ಇನ್ನೆರಡು ಮ್ಯಾಚ್ ನೋಡುತ್ತೇನೆ, ಸರಿಹೋಗದಿದ್ದರೆ ಈ ಸೀಸನ್ನಿಗೆ ಬೆಂಚು" ಎಂದು. ರೊಟ್ಟಿ ತಟ್ಟುತ್ತಿದ್ದವಳು ಹಾಗೇ ನಿಂತುಬಿಟ್ಟೆ. ರಾಜ್ಯ ತಂಡದ ಕ್ಯಾಂಪಿಗೆ ಆಡುವವರನ್ನು ಕರೆಯುತ್ತಾರೆಯೇ ಹೊರತು ಬೆಂಚಿನ ಮೇಲೆ ಕೂತವರನ್ನಲ್ಲ. ಶಾಲೆಯ ಕಾಲದಿಂದ ಈ ಹುಡುಗಿ ಕಾದಿರುವುದು ಅದೊಂದು ಕರೆಗೆ. ಡಿಗ್ರಿಯ ಕೊನೆಯ ವರ್ಷ ಬೇರೆ. ಈ ಸಲ ತಪ್ಪಿದರೆ ಆಮೇಲೆ ಯಾವ ಕಾಲ?

"ಯಾಕ ಹೋಗ್ತಿ ಮುಂದಕ?" ಎಂದು ಕೇಳಿದೆ.

ತಟ್ಟೆ ನೋಡುತ್ತ ಹೇಳಿದಳು, "ಗೊತ್ತಿಲ್ಲಮ್ಮ. ನೀ ಕೂಗಿದ್ರ ಕಾಲು ತಾವಾ ಹೋಗಿಬಿಡ್ತಾವ."

ನನ್ನ ಎದೆ ತುಂಬಿಬಂತು. ಈಗಿನ ಮಕ್ಕಳು ನೀರು ತಾ ಎಂದರೆ ಫೋನಿನಿಂದ ತಲೆ ಎತ್ತುವುದಿಲ್ಲ. ನನ್ನ ಮಗಳು ಅಷ್ಟು ದೊಡ್ಡ ಮೈದಾನದಲ್ಲಿ, ಅಷ್ಟು ಗದ್ದಲದಲ್ಲಿ, ತಾಯಿಯ ಮಾತಿಗೆ ಕಾಲೆತ್ತಿ ಓಡುತ್ತಾಳೆ. ಸ್ಟಾಫ್ ರೂಮಿನಲ್ಲಿ ಈ ಮಾತು ಹೇಳಿದರೆ ಎಲ್ಲರ ಬಾಯಿ ಬಂದ್.

ಸ್ರವಂತಿಯ ವಿಷಯ ಕೋಚ್ ಹತ್ತಿರ ನಾನೇ ಮಾತಾಡಬೇಕು.

ನವೆಂಬರ್ 16, ಭಾನುವಾರ

ಕಾಚಿಗುಡ ಕಾಮೆಟ್ಸ್ ಎರಡು, ನಾವು ಒಂದು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ನಾನು ಎಂದಿಗಿಂತ ಹೆಚ್ಚು ಕೂಗಿದೆ. ಅಪಾಯ ಹೆಚ್ಚಿದ್ದರೆ ಕಾವಲೂ ಹೆಚ್ಚಬೇಕಲ್ಲ. ಸೂಗಪ್ಪನವರೂ ನಿಂತೇ ಕೂಗಿದರು. ಆದರೂ ಅದೇ ಕಥೆ. ಅವರ ಕುಳ್ಳ ಹುಡುಗಿ ಚೆಂಡು ಹಿಡಿದು ಬಂದಳು, ನಾನು ಪ್ರಾಣ ಹೋಗುವ ಹಾಗೆ "ಹಿಡಿ, ಹರ್ಷೀ, ಹೋಗಿ ಹಿಡಿ!" ಎಂದೆ, ನನ್ನ ಮಗಳು ಬಾಣದ ಹಾಗೆ ಹೋದಳು, ಕುಳ್ಳಿ ಪಕ್ಕದವಳಿಗೆ ತಟ್ಟಿ ಇವಳ ಬೆನ್ನ ಹಿಂದೆ ಓಡಿಬಿಟ್ಟಳು. ಡಿಫೆನ್ಸಿನ ಉಳಿದ ಮೂವರು ಎಲ್ಲಿದ್ದರು? ಇದ್ದಲ್ಲೇ. ಸ್ರವಂತಿ ಮಹಾರಾಣಿ ಅಂತೂ ಕೈ ಬೇರೆ ಎತ್ತಿದ್ದಳು.

ಇರಾನಿ ಹೋಟೆಲಿಗೆ ಹೋಗಿ ಕೂತೆವು. ಜನಾರ್ದನ ಬಿಸ್ಕತ್ತು ತರಿಸಿ ಮೇಜಿನ ಮೇಲೆ ಹನ್ನೊಂದು ಜನರನ್ನು ನಿಲ್ಲಿಸಿದ. ಚಹಾ ಕಪ್ಪು ಗೋಲು. ಸಕ್ಕರೆ ಪೊಟ್ಟಣ ಚೆಂಡು.

"ನೋಡಿ ಮೇಡಂ, ಶಾರ್ಟ್ ಪಾಸು ಅಂದ್ರೆ ಗಾಳ. ಯಾರಾದ್ರೂ ಒಬ್ರು ಕಚ್ಚಿ ಮುಂದೆ ಬರಲಿ ಅಂತ ಕಾಯ್ತಾರೆ. ಯಾರೂ ಕಚ್ಚದಿದ್ರೆ ಅವ್ರು ಹಿಂದಕ್ಕೇ ಕೊಡ್ಬೇಕು."

"ಹಂಗಂತ ಸುಮ್ಮ ನಿಂತು ನೋಡಬೇಕೇನ್ರಿ?" ಎಂದು ಸೂಗಪ್ಪ ರೇಗಿದರು. "ಕಳ್ಳ ಮನಿಗೆ ಬಂದ್ರ ಹಿಡಿಯಾಕ ಹೋಗಬೇಕಿಲ್ಲೋ?"

"ಹೋಗಬೇಕು, ಆದ್ರೆ ನಾಲ್ಕು ಜನಾನೂ ಒಟ್ಟಿಗೆ ಹೋಗ್ಬೇಕು. ಇಲ್ಲಾಂದ್ರೆ ಯಾರೂ ಹೋಗ್ಬಾರ್ದು. ನಮ್ಮಲ್ಲಿ ಹರ್ಷಿತಾ ಒಬ್ಳೇ ಯಾಕೆ ಹೋಗ್ತಾಳೆ ಅನ್ನೋದೇ ನಂಗೆ ಅರ್ಥ ಆಗ್ತಿಲ್ಲ."

"ಆಕಿ ಚುರುಕು ಅದಾಳ, ಉಳಿದವರು ಮಂದ. ಅದಕ್ಕ," ಎಂದೆ.

ಅಷ್ಟರಲ್ಲಿ ಸೂಗಪ್ಪ ಮಾತಿನ ಭರದಲ್ಲಿ ಸ್ರವಂತಿಯನ್ನು ಚಹಾದಲ್ಲಿ ಅದ್ದಿ ತಿಂದುಬಿಟ್ಟರು. ನಕ್ಕೆವು. ಎಷ್ಟು ದಿನವಾಗಿತ್ತೋ ನಕ್ಕು. ಆದರೆ ಬಸ್ಸಿನಲ್ಲಿ ಹರ್ಷಿತಾಳ ಮುಖ ನೋಡಿ ನಗು ಉಡುಗಿತು. ಇನ್ನೊಂದೇ ಮ್ಯಾಚ್ ಉಳಿದಿದೆ ಅವಳಿಗೆ. ಅದೂ ಯಾರ ಮೇಲೆ? ಗೋಲ್ಕೊಂಡ ಗರ್ಲ್ಸ್. ಪುಟ್ಟ ಪಾಸಿನಲ್ಲಿ ಅವರನ್ನು ಮೀರಿಸುವವರು ಈ ಊರಿನಲ್ಲಿಲ್ಲ.

ನವೆಂಬರ್ 18, ಮಂಗಳವಾರ

ಪ್ರಾಕ್ಟೀಸಿಗೆ ಹೋಗಿ ಪದ್ಮಜಾ ಅವರನ್ನು ಕಂಡೆ. ಸ್ರವಂತಿಯನ್ನು ತೆಗೆದು ಬೇರೆ ಚುರುಕಾದವಳನ್ನು ಹಾಕಿ, ಹರ್ಷಿತಾ ಮುಂದೆ ಹೋದಾಗ ಹಿಂದೆ ತುಂಬುವವರು ಬೇಕು ಎಂದು ವಿವರವಾಗಿ ಹೇಳಿದೆ. ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ ಕೂಡ. ಪದ್ಮಜಾ ಪೂರ್ತಿ ಕೇಳಿದರು. ಆಮೇಲೆ ನಗುತ್ತ, "ಹರ್ಷಿತಾಕು ಇದ್ದರು ಕೋಚ್‌ಲು ಉನ್ನರು ಮೇಡಂ," ಎಂದರು. ಹರ್ಷಿತಾಳಿಗೆ ಇಬ್ಬರು ಕೋಚ್! ನಾನು ಸಂಕೋಚದಿಂದ, ಹಾಗೇನಿಲ್ಲ, ನನಗೆ ತಿಳಿದಷ್ಟು ಎಂದೆ.

ಮನೆಗೆ ಬಂದರೆ ಹರ್ಷಿತಾ ಕೆಂಡವಾಗಿದ್ದಳು. "ಸ್ರವಂತಿ ಮ್ಯಾಲೆ ಚಾಡಿ ಹೇಳಾಕ ಹೋಗಿದ್ದ್ಯಾ ಅಮ್ಮಾ? ಆಕಿ ನಿಂತಲ್ಲೇ ನಿಲ್ತಾಳ ಅಂದ್ರ, ಅದಾ ಆಕಿ ಕೆಲಸ. ನಿಲ್ಲು ಅಂತ ನನಗೂ ಕೈ ಎತ್ತಿ ಹೇಳ್ತಿರ್ತಾಳ. ನನಗಾ ಕೇಳಸಂಗಿಲ್ಲ."

"ಯಾಕ ಕೇಳಸಂಗಿಲ್ಲ?"

ಎದ್ದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಳು. ಯಾರಿಗಾಗಿ ಇಷ್ಟೆಲ್ಲ ಓಡಾಡುತ್ತಿದ್ದೇನೆ ನಾನು?

ನವೆಂಬರ್ 20, ಗುರುವಾರ

ಎರಡು ದಿನದಿಂದ ಮಗಳು ನನ್ನ ಜೊತೆ ಮಾತಾಡುತ್ತಿಲ್ಲ. ಇಂದು ಮಗಳ ಅಪ್ಪನೂ ಆ ಪಟ್ಟಿಗೆ ಸೇರಿದರು. ಅಲ್ಲ, ಅವರ ಜೊತೆ ನಾನೇ ಮಾತು ಬಿಟ್ಟಿದ್ದೇನೆ.

ಜನಾರ್ದನ ಭಾನುವಾರದ ಮ್ಯಾಚನ್ನು ಫೋನಿನಲ್ಲಿ ತೆಗೆದಿದ್ದ. ಸಂಜೆ ಸೂಗಪ್ಪನವರನ್ನೂ ಕರೆದುಕೊಂಡು ಮನೆಗೆ ಬಂದ, ಟೀವಿಗೆ ಹಾಕಿದ. ಹರ್ಷಿತಾ ಜಿಮ್ಮಿಗೆ ಹೋಗಿದ್ದಳು. ಮೂವರೂ ಮೂಗು ಟೀವಿಗೆ ತಾಗುವಷ್ಟು ಹತ್ತಿರ ಕೂತೆವು. ಮುಂದೆ, ಹಿಂದೆ, ನಿಲ್ಲಿಸು, ಮತ್ತೆ ಹಾಕು. ಸೂಗಪ್ಪ ಕಾಲು ನೋಡಿ ಎನ್ನುವುದು, ಜನಾರ್ದನ ಮಿಡ್‌ಫೀಲ್ಡ್ ನೋಡಿ ಎನ್ನುವುದು, ನಾನು ಸ್ರವಂತಿಯನ್ನು ನೋಡಿ ಎನ್ನುವುದು. ಒಬ್ಬರ ಮಾತಿಗೊಬ್ಬರು ಒಪ್ಪಲಿಲ್ಲ.

ನಮ್ಮವರಿಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೇ. ಅಬಿಡ್ಸ್ ಪೋಸ್ಟ್ ಆಫೀಸಿನಿಂದ ಬಂದು ಟೀವಿಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದರು. ಓದುತ್ತಲೇ ಅಂದರು, "ಈಗ ಗೋಲ್ ಆಗ್ತೈತಿ ನೋಡ್ರಿ."

ಆಯಿತು.

"ನಿಮಗ ಹೆಂಗ ಗೊತ್ತಾಯ್ತು ಗುರುರಾಜ ಸಾಹೇಬ್ರ?" ಎಂದು ಸೂಗಪ್ಪ ಬಾಯಿ ಬಿಟ್ಟರು. "ನೀವು ಈ ಕಡಿ ನೋಡೇ ಇಲ್ಲಲ್ಲ!"

"ನೋಡೋದೇನ್ ಬಂತ್ರಿ? ಮದ್ಲ ನಮ್ಮ ವಿಜೂ 'ಹೋಗಿ ಹಿಡಿ' ಅಂತಾಳ. ಆಮ್ಯಾಲೆ ಆ ಕಡಿಯವರು ಕೇಕಿ ಹಾಕಿ ಚಪ್ಪಾಳಿ ತಟ್ತಾರ. ಎರಡೂ ಸಲ ಹಂಗಾ ಆತು." ಪೇಪರಿನ ಹಾಳೆ ತಿರುವಿದರು.

ಜನಾರ್ದನ ರಿಮೋಟ್ ಹಿಡಿದುಕೊಂಡು ನನ್ನ ಮುಖ ನೋಡಿದ. ಸೂಗಪ್ಪ ಫ್ಯಾನ್ ನೋಡಿದರು. ಚಹಾ ತರುತ್ತೇನೆಂದು ಒಳಗೆ ಹೋದೆ. ತರಲಿಲ್ಲ. ಅವರೂ ಕಾಯಲಿಲ್ಲ.

ನವೆಂಬರ್ 21, ಶುಕ್ರವಾರ

ಟೀವಿಯೇ ನೋಡದವರು ಮ್ಯಾಚಿನ ಬಗ್ಗೆ ಮಾತಾಡಬಾರದು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಜನಾರ್ದನ ಬಿಟ್ಟುಹೋಗಿದ್ದ ಪೆನ್‌ಡ್ರೈವಿನ ವಿಡಿಯೋ ಹಾಕಿ, ನಮ್ಮವರ ಹಾಗೆ ಟೀವಿಗೆ ಬೆನ್ನು ಮಾಡಿ ಕೂತೆ. ಪೂರ್ತಿ ಕೇಳಿದೆ.

ನನ್ನ ದನಿ ಬಿಟ್ಟು ಮೈದಾನದ ಒಬ್ಬ ಹುಡುಗಿಯದೂ ಕೇಳಿಸುವುದಿಲ್ಲ ಅದರಲ್ಲಿ.

ನವೆಂಬರ್ 22, ಶನಿವಾರ

ಬೆಳಿಗ್ಗೆ ಎದ್ದಾಗ ಪರಿಹಾರ ಹೊಳೆಯಿತು. ಗಣಿತದವಳು ನಾನು, ಲೆಕ್ಕ ಬಿಡಿಸದೆ ಇರುತ್ತೇನೆಯೇ? ತೊಂದರೆ ನನ್ನ ಕೂಗಿನದಲ್ಲ. ಕೂಗು ಒಬ್ಬಳಿಗೆ ತಿಳಿದು ಮೂವರಿಗೆ ತಿಳಿಯದಿರುವುದೇ ತೊಂದರೆ. ಒಬ್ಬಳು ಓಡುತ್ತಾಳೆ, ಮೂವರು ನಿಲ್ಲುತ್ತಾರೆ, ನಡುವೆ ಬಾಗಿಲು ಬೀಳುತ್ತದೆ. ಹಾಗಾದರೆ ಆ ಮೂವರಿಗೂ ಕನ್ನಡ ಕಲಿಸಿಬಿಟ್ಟರೆ ಆಯಿತು!

ಹರ್ಷಿತಾ ಬೂಟಿನ ಮಣ್ಣು ಕೆರೆಯುತ್ತ ಬಾಲ್ಕನಿಯಲ್ಲಿ ಕೂತಿದ್ದಳು. ಮಾತು ಬಿಟ್ಟಿದ್ದೇವೆಂಬುದನ್ನು ಮರೆತು ಹೇಳಿಯೇಬಿಟ್ಟೆ. "ಸ್ರವಂತಿಗೆ, ಉಳಿದಿಬ್ಬರಿಗೆ, ಇವತ್ತ ಸಂಜಿಗೆ ಮನಿಗೆ ಕರಿ. ಹೋಗು, ನಿಲ್ಲು, ಹಿಡಿ. ಅಷ್ಟ ಕಲಸ್ತೀನಿ. ಗಿರ್ಮಿಟ್ ಮಾಡ್ತೀನಿ."

ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ನಕ್ಕಳು ನೋಡಿ, ಬೂಟು ಕೈಯಿಂದ ಬಿತ್ತು, ಕಣ್ಣಲ್ಲಿ ನೀರು ಬಂತು. ನಾನು ನಿಂತೇ ಇದ್ದೆ. ನಗು ನಿಂತ ಮೇಲೆ ಮೆಲ್ಲಗೆ ಅಂದಳು, "ಅಮ್ಮಾ, ಮೈದಾನದಾಗ ನಿಂತೋರಿಗೆ ಕಾಣೋದಾ ಬ್ಯಾರೆ, ಕಟ್ಟಿ ಮ್ಯಾಲೆ ಕುಂತೋರಿಗೆ ಕಾಣೋದಾ ಬ್ಯಾರೆ."

ಎಷ್ಟು ದಿನದಿಂದ ಹೇಳಬೇಕೆಂದಿದ್ದಳೋ ಈ ಮಾತನ್ನು. ಸಿಟ್ಟು ಬರಬೇಕಿತ್ತು, ಯಾಕೋ ಬರಲಿಲ್ಲ. ಮಂಡಕ್ಕಿ ಕಲಸಿ ಗಿರ್ಮಿಟ್ ಮಾಡಿದೆ. ಇಬ್ಬರೇ ತಿಂದೆವು.

ನವೆಂಬರ್ 23, ಭಾನುವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು.

ಕಟ್ಟೆಗೆ ಹೋದ ಕೂಡಲೇ ಇಬ್ಬರಿಗೂ ಹೇಳಿದೆ, "ಇವತ್ತು ನಾವು ಯಾರೂ ಬಾಯಿ ಬಿಡಂಗಿಲ್ಲ. ಇದು ಹೊಸಾ ತಂತ್ರ. ಗೋಲ್ಕೊಂಡದವರು ನಮ್ಮ ಕೂಗಿಗೆ ಕಾಯ್ತಿರ್ತಾರ, ನಾವು ಕೂಗದಿದ್ರ ಅವರ ಲೆಕ್ಕ ತಪ್ಪತೈತಿ."

"ಸೂಪರ್ ಮೇಡಂ," ಎಂದ ಜನಾರ್ದನ ತಕ್ಷಣ. ಒಳ್ಳೆಯ ಹುಡುಗ. ಅವನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಗಂಟಲ ಸರಿ ಐತಿಲ್ರಿ ಅಕ್ಕಾರ?" ಎಂದರು ಸೂಗಪ್ಪ. ಅವರಿಗೆ ನನ್ನ ಆರೋಗ್ಯದ ಮೇಲೇ ಅನುಮಾನ.

ಬಾಯಿ ಮುಚ್ಚಿಕೊಂಡು ಫುಟ್‌ಬಾಲ್ ನೋಡುವುದು ಎಷ್ಟು ಕಷ್ಟ ಎಂದು ಯಾರಿಗಾದರೂ ಗೊತ್ತೇ? ಉಕ್ಕುವ ಹಾಲಿನ ಮುಂದೆ ಕೈ ಕಟ್ಟಿ ನಿಂತ ಹಾಗೆ. ಗೋಲ್ಕೊಂಡದವರು ಶುರುವಿನಿಂದಲೇ ಟುಕು ಟುಕು ಪಾಸು. ಸೆರಗಿನ ತುದಿ ಬಾಯಿಗೆ ತುರುಕಿಕೊಂಡೆ. ಸೂಗಪ್ಪ ಎರಡು ಸಲ ಎದ್ದರು, ಎರಡು ಸಲವೂ ಅಂಗಿ ಹಿಡಿದೆಳೆದು ಕೂಡಿಸಿದೆ.

ಹೀಗೆ ಸುಮ್ಮನೆ ಕೂತಾಗ ಒಂದಷ್ಟು ಕಣ್ಣಿಗೆ ಬಿತ್ತು. ಸ್ರವಂತಿ ಕಂಬವಲ್ಲ. ಚೆಂಡು ಎತ್ತ ಹೋದರೂ ಅವಳು ಹರ್ಷಿತಾಳ ಕಡೆಗೊಮ್ಮೆ ನೋಡಿ, ಅವಳ ನೇರಕ್ಕೆ ತನ್ನ ಜಾಗ ಸರಿಮಾಡಿಕೊಳ್ಳುತ್ತಾಳೆ. ಇಡೀ ಆಟ ಅದೇ ಕೆಲಸ. ಹುಡುಗಿ ಚುರುಕಾಗಿದ್ದಾಳೆ, ಪರವಾಗಿಲ್ಲ. ಪ್ರಾಕ್ಟೀಸಿನಲ್ಲಿ ಸುಧಾರಿಸಿರಬೇಕು.

ಮೊದಲರ್ಧ ಗೋಲಿಲ್ಲ. ಎರಡನೆಯ ಅರ್ಧ ಮುಗಿಯುತ್ತ ಬಂದಾಗ ಬಂತು ನೋಡಿ ಆ ಗಳಿಗೆ. ಅವರ ನಡುವಿನ ಆಟಗಾರ್ತಿ, ಎತ್ತರದ ಹುಡುಗಿ, ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ನೆಟ್ಟಗೆ ನಮ್ಮ ಹರ್ಷಿತಾಳ ಮುಂದೆ ಬಂದು ನಿಂತಳು. ಅಕ್ಕಪಕ್ಕ ಅವರಿಬ್ಬರು ಕಾದಿದ್ದರು. ಪಕ್ಕದವಳಿಗೆ ಕೊಟ್ಟಳು. ವಾಪಸ್ ಬಂತು. ಮತ್ತೆ ಕೊಟ್ಟಳು. ಬಾ, ಹಿಡಿ ಎನ್ನುವ ಹಾಗೆ. ನನ್ನ ಕಾಲು ತಾನೇ ಎದ್ದು ನಿಂತುಬಿಟ್ಟಿತು. ಎದೆಯಿಂದ ಕೂಗು ಗಂಟಲವರೆಗೆ ಬಂದಿತ್ತು.

ಆಗ ಹರ್ಷಿತಾ ಕಟ್ಟೆಯ ಕಡೆ ತಿರುಗಿ ನೋಡಿದಳು.

ಒಂದೇ ಕ್ಷಣ. ನನ್ನನ್ನೇ ನೋಡಿದಳು. ಪ್ರತಿ ಸಲವೂ ಹೀಗೆ ನೋಡುತ್ತಿದ್ದಳೇನೋ, ಕೂಗುವ ಅವಸರದಲ್ಲಿ ನನಗೆ ಕಂಡಿರಲಿಕ್ಕಿಲ್ಲ. ನಾನು ಏನೂ ಹೇಳಲಿಲ್ಲ. ಕೂತೆ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಸಭೆಯಲ್ಲಿ ಕೂತ ಹಾಗೆ ಕೂತುಬಿಟ್ಟೆ.

ಹರ್ಷಿತಾ ಮುಖ ತಿರುಗಿಸಿದಳು. ಮರುಕ್ಷಣ ಮೈದಾನದಲ್ಲಿ ಒಂದು ದನಿ ಎದ್ದಿತು. "ಆಗುರ್ರಿ! ಎವ್ವರೂ ಪೋವದ್ದು!" ನಿಲ್ಲಿ, ಯಾರೂ ಹೋಗಬೇಡಿ. ತೆಲುಗಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಎದುರಾಳಿಗೂ ಕೇಳುವ ಹಾಗೆ, ಯಾವ ಗುಟ್ಟೂ ಇಲ್ಲದೆ. ನಾಲ್ವರೂ ನಿಂತರು. ಹಗ್ಗ ಎಳೆದು ಕಟ್ಟಿದ ಹಾಗೆ ಒಂದೇ ಸಾಲು. ಎತ್ತರದವಳು ಆ ಕಡೆ ತಟ್ಟಿದಳು, ಈ ಕಡೆ ತಟ್ಟಿದಳು, ಜಾಗವಿಲ್ಲ. ಇನ್ನೊಮ್ಮೆ ತಟ್ಟಿದಳು, "ಅಂದರೂ ಒಕ್ಕಸಾರೇ!" ಎಂದು ಅದೇ ದನಿ ಎಲ್ಲರನ್ನೂ ಒಂದೇ ಸಲಕ್ಕೆ ಕರೆಯಿತು, ನಾಲ್ವರೂ ಒಟ್ಟಿಗೆ ಮುಂದೆ ನುಗ್ಗಿದರು, ಸ್ರವಂತಿ ಕಾಲು ಚಾಚಿ ಚೆಂಡನ್ನು ರಸ್ತೆಯಾಚೆಗೆ ಅಟ್ಟಿದಳು.

ಸೂಗಪ್ಪ ನನ್ನ ತೋಳು ಅಲ್ಲಾಡಿಸಿ, "ಅಕ್ಕಾರ, ಯಾರ್ರಿ ಹಂಗ ಕೂಗಿದ್ದು? ನಮ್ಮ ಹರ್ಷೀನಾ?" ಎಂದರು.

"ಮತ್ತಿನ್ಯಾರು?" ಎಂದೆ. ಮನೆಯಲ್ಲಿ ಉಪ್ಪು ಬೇಕಾದರೂ ಮೆಲ್ಲಗೆ ಕೇಳುವ ಹುಡುಗಿ. ಆಮೇಲೆ ಸೀಟಿ ಊದುವವರೆಗೂ ಆ ದನಿ ನಿಲ್ಲಲಿಲ್ಲ. ಮುಂದೆ, ಹಿಂದೆ, ಎಡಕ್ಕೆ, ನಿಲ್ಲು. ಅವಳು ಹೇಳಿದಂತೆ ತಂಡ ಸರಿಯಿತು. ನಾನು ಬೇರೆ ಏನೂ ನೋಡಲಿಲ್ಲ, ಅದನ್ನೇ ಕೇಳುತ್ತ ಕೂತೆ.

ಸೊನ್ನೆ, ಸೊನ್ನೆ. ಗೋಲ್ಕೊಂಡ ಗರ್ಲ್ಸ್ ಈ ಸೀಸನ್ನಿನಲ್ಲಿ ಗೋಲು ಹೊಡೆಯದೆ ಮನೆಗೆ ಹೋದದ್ದು ಇದೇ ಮೊದಲು. ಸೂಗಪ್ಪ ಗೆದ್ದವರ ಹಾಗೆ ಕುಣಿದರು. ಜನಾರ್ದನ ವಿಡಿಯೋ ತೆಗೆಯುವುದನ್ನೇ ಮರೆತಿದ್ದ. ನನಗಂತೂ ಎದೆ ಹಿಗ್ಗಿ ಬ್ಲೌಸಿನ ಹೊಲಿಗೆ ಬಿಡುವುದೊಂದು ಬಾಕಿ. ಪಕ್ಕದಲ್ಲಿ ಕೂತಿದ್ದ ಗೋಲ್ಕೊಂಡದ ಕಡೆಯ ಹೆಂಗಸು, ಆ ಸ್ಟಾಪರ್ ಯಾರು ಎಂದು ತೆಲುಗಿನಲ್ಲಿ ಕೇಳಿದಳು. ಹರ್ಷಿತಾ ಎಂದೆ. ನನ್ನ ಮಗಳು ಎಂದು ಸೇರಿಸುವುದು ಮರೆತೇ ಹೋಯಿತು.

ಪದ್ಮಜಾ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. ಬೆಂಚಿನ ಮಾತು ಮುಗಿಯಿತು ಎಂದರು. ಇನ್ನುಮುಂದೆ ಹಿಂದಿನ ಸಾಲು ಹರ್ಷಿತಾಳದೇ, ಅವಳು ಹೇಳಿದ ಹಾಗೆ. ಕ್ಯಾಂಪಿನ ಕರೆ ಬರುತ್ತದೋ ಇಲ್ಲವೋ ಯಾರಿಗೆ ಗೊತ್ತು, ಬಂದರೆ ನೋಡುವವರು ನೋಡುತ್ತಾರೆ. ನಾನು ನೋಡಿದ್ದಾಯಿತು.

ಹರ್ಷಿತಾ ಸ್ರವಂತಿಯ ಹೆಗಲ ಮೇಲೆ ಕೈ ಹಾಕಿಕೊಂಡು ಬಂದಳು. ಮೈಯೆಲ್ಲ ಮಣ್ಣು. ಸ್ರವಂತಿಗೆ, "ಬಹಳ ಚೆನ್ನಾಗಿ ಆಡಿದೆ ಅಮ್ಮ," ಎಂದು ನನಗೆ ಬರುವ ತೆಲುಗಿನಲ್ಲಿ ಹೇಳಿದೆ. ಅವಳು ನಾಚಿಕೊಂಡು ಓಡಿದಳು.

"ಹೆಂಗಿತ್ತಮ್ಮಾ?" ಎಂದಳು ಹರ್ಷಿತಾ. ಗಂಟಲು ಪೂರ್ತಿ ಹರಿದುಹೋಗಿತ್ತು, ಅರ್ಧ ಮಾತು, ಅರ್ಧ ಬರೀ ಗಾಳಿ.

ಹೇಳಬೇಕೆಂದುಕೊಂಡದ್ದು ರಾಶಿ ಇತ್ತು. ಆ ಎರಡನೆಯ ಕಾರ್ನರಿನಲ್ಲಿ ಸ್ವಲ್ಪ ತಡವಾಯಿತು ಎಂಬುದೂ ಇತ್ತು. ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟೆ.

"ಮಾತಾಡಬ್ಯಾಡ," ಎಂದೆ. "ಗಂಟಲಿಗೆ ಆರಾಮ ಕೊಡು. ಮುಂದಿನ ಐತಾರಕ್ಕ ನಿಮ್ಮ ತಂಡಕ್ಕ ಬೇಕು ಅದು."